ಆರತಿ ಪದಕ್ಕೆ ಬಂದ ನೋಟಿಸು

ಸೇಲಂನ ನೇಕಾರರ ಬೀದಿಯಲ್ಲಿ, ಒಂದು ಕಾಲಕ್ಕೆ ನಮ್ಮ ಮಗ್ಗ ಇದ್ದ ಕೋಣೆಯಲ್ಲೇ ಈಗ ನನ್ನ ರೆಕಾರ್ಡಿಂಗ್ ನಡೆಯುತ್ತದೆ. ಹಳೆಯ ಸಿನಿಮಾ ಹಾಡುಗಳನ್ನು ನನ್ನ ದನಿಯಲ್ಲಿ ಹಾಡಿ ಚಾನೆಲ್ಲಿಗೆ ಹಾಕುವುದು ನನ್ನ ಕಸುಬು. ಯಾರ ಹಾಡನ್ನೂ ಒಪ್ಪಿಗೆ ಕೇಳದೆ ಮುಟ್ಟಿದವಳಲ್ಲ ನಾನು. ರಾಗ ಕಟ್ಟಿದವರಿಗೊಂದು ಹಕ್ಕು, ಸಾಹಿತ್ಯ ಬರೆದವರಿಗೊಂದು, ಮೊದಲು ರೆಕಾರ್ಡ್ ಮಾಡಿದ ಕಂಪನಿಗೆ ಮತ್ತೊಂದು. ಲೈಸೆನ್ಸ್ ಕೈಗೆ ಬರುವವರೆಗೆ ಮೈಕ್ ಮುಂದೆ ಕೂರುವುದಿಲ್ಲ. ಅಂಥ ನನಗೇ ಚೆನ್ನೈನ ಒಂದು ಕಂಪನಿಯಿಂದ ನೋಟಿಸು ಬಂತು. ಅದೂ ಯಾವ ಹಾಡಿಗೆ? ನಮ್ಮ ಮನೆಯ ಆರತಿ ಪದಕ್ಕೆ!

ಆ ಪದ ಹಾಡಿದವಳು ನನ್ನ ದೊಡ್ಡಮ್ಮ. ಕಟ್ಟಿದವಳು ಅವಳ ಅವ್ವ, ಅಂದರೆ ನನ್ನ ಅಜ್ಜಿ. ನಮ್ಮ ಮನೆತನದ ಮದುವೆಗಳಲ್ಲಿ ಆ ಕನ್ನಡ ಪದ ಶುರುವಾಗದೆ ಆರತಿ ತಟ್ಟೆ ಎತ್ತುವಂತಿಲ್ಲ, ಮುಗಿಯದೆ ಇಳಿಸುವಂತಿಲ್ಲ. ಪೂರ್ತಿ ಪದ ಬರುವುದು ಈಗ ದೊಡ್ಡಮ್ಮನೊಬ್ಬಳಿಗೇ. ಅವಳೊಂದಿಗೇ ಅದು ಹೋಗಿಬಿಟ್ಟರೆ ಎಂಬ ಹೆದರಿಕೆಗೆ ಅವಳನ್ನು ಕೂರಿಸಿ ರೆಕಾರ್ಡ್ ಮಾಡಿ ಚಾನೆಲ್ಲಿಗೆ ಹಾಕಿದ್ದೆ.

ನೋಟಿಸಿನ ಜೊತೆಗೆ ತಮ್ಮ ಹಾಡನ್ನೂ ಕಳಿಸಿದ್ದರು. ಹಚ್ಚಿದೆ. ನಾನೂ ಕೇಳಿರದ ಹಳೆಯ ತಮಿಳು ಸಿನಿಮಾ ಹಾಡು. ರಾಗ, ತಾಳ ಎಲ್ಲ ನಮ್ಮದೇ! ಮಗ್ಗದ ಮನೆಯಲ್ಲಿ ದಿನವಿಡೀ ರೇಡಿಯೊ ಕೂಗುತ್ತಿದ್ದ ಕಾಲದಲ್ಲಿ, ನೇಯುತ್ತಾ ಕೇಳಿದ ರಾಗಕ್ಕೆ ಅಜ್ಜಿ ತನ್ನ ಕನ್ನಡ ಮಾತು ಹೊಂದಿಸಿದ್ದಾಳೆ. ನಾವೋ, ರಾಗ ಹಿರೀಕರ ಕಾಲದ್ದೆಂದು ಇಷ್ಟು ವರ್ಷ ಮೆರೆಸಿದ್ದೇವೆ.

ಕಂಪನಿಗೆ ಫೋನ್ ಮಾಡಿ ಲೈಸೆನ್ಸ್ ಕೊಡಿ ಎಂದು ಅಂಗಲಾಚಿದೆ. ಹಾಡನ್ನು ಇದ್ದ ಹಾಗೇ ಹಾಡುವುದಾದರೆ ನೋಡೋಣ, ಮಾತು ಬದಲಿಸಲು ಒಪ್ಪಿಗೆ ಇಲ್ಲ, ತೆಗೆಯದಿದ್ದರೆ ಚಾನೆಲ್ಲೇ ಮುಚ್ಚುತ್ತದೆ ಎಂದರು. ಮೈಯೆಲ್ಲ ಉರಿದುಹೋಯಿತು. ಆದರೆ ಅನ್ನ ಕೊಡುವ ಚಾನೆಲ್ಲು. ಹಲ್ಲು ಕಚ್ಚಿಕೊಂಡು ತೆಗೆದೆ.

ವಿಷಯ ಕೇಳಿ ದೊಡ್ಡಮ್ಮ ಕೆಂಡವಾದಳು.

"ನಮ್ಮವ್ವ ಕಳ್ಳೀನಾ? ಅಂಗಂತ ಬರ್ದವ್ರಾ ಅವ್ರು?"

"ಕಳ್ಳಿ ಅಂದಿಲ್ಲ ದೊಡ್ಡಮ್ಮ. ರಾಗ ಅವರ್ದು ಅಂತಾರೆ."

"ಎರಡೂ ಒಂದೇ ಕಣೇ. ಇನ್ನೊಬ್ರ ಸೊತ್ತು ನಂಗ್ಯಾಕೆ? ಇನ್ಮೇಲೆ ನಾನ್ ಆ ಪದ ಆಡಾಕಿಲ್ಲ, ಓಗು."

"ಮದ್ವೆ ಮನೇಲಿ ಆಡಕ್ಕೆ ಯಾರ ಪರ್ಮಿಷನ್ನೂ ಬೇಡ. ಕಾನೂನ್ನಲ್ಲೇ ಐತೆ."

"ನಿನ್ ಕಾನೂನ್ ನೀನೇ ಇಟ್ಕೊ! ರೆಕಾರ್ಡ್ ಮಾಡ್ವಾಗ್ಲೂ ಏನೂ ಆಗಲ್ಲ ಅಂದೋಳು ನೀನೇ ತಾನೇ?"

ನಾನು ಎದ್ದು ಬಂದೆ.

ಇದರ ಮೇಲೆ ಕಂಬೈನಲ್ಲೂರಿನಲ್ಲಿ ಅವಳ ಮೊಮ್ಮಗಳ ಮದುವೆ ಬಂತು. ಅಲ್ಲಿಗೆ ಹೋಗುವಾಗ ತೊಪ್ಪೂರು ಘಾಟಿಯಲ್ಲಿ ಲಾರಿಗಳ ಹಿಂದೆ ನಮ್ಮ ಕಾರು ತೆವಳುತ್ತಿತ್ತು. ದೊಡ್ಡಮ್ಮ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಹಾಡುತ್ತಾಳೋ ಇಲ್ಲವೋ, ಕೇಳಲು ನನಗೆ ಧೈರ್ಯವಿರಲಿಲ್ಲ.

ತಾಳಿ ಕಟ್ಟಿದ್ದಾಯಿತು. ಇಬ್ಬರು ಮುತ್ತೈದೆಯರು ಆರತಿ ತಟ್ಟೆ ಹಿಡಿದು ಗಂಡು ಹೆಣ್ಣಿನ ಮುಂದೆ ನಿಂತರು. ಎಲ್ಲರೂ ದೊಡ್ಡಮ್ಮನ ಮುಖ ನೋಡಿದರು. ಅವಳು ನೆಲ ನೋಡುತ್ತಿದ್ದಳು. ಬತ್ತಿ ಉರಿಯುತ್ತಲೇ ಇತ್ತು. "ಪಾಡುಂಗಮ್ಮಾ, ನೇರಮಾಚ್ಚು" ಎಂದು ಗಂಡಿನ ತಾಯಿ ತಮಿಳಿನಲ್ಲಿ ಅವಸರಪಡಿಸಿದಳು. ಹಾಡಬೇಕಂತೆ, ಹೊತ್ತಾಯಿತಂತೆ. ನಮಗೆ ಗೊತ್ತಿಲ್ಲವೇ! ನಾನು ದೊಡ್ಡಮ್ಮನ ಕೈ ಹಿಡಿದೆ. ಕೊಡವಿಕೊಂಡಳು.

ಆಗ ಮದುಮಗಳ ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಗುನುಗತೊಡಗಿದಳು. ಅದೇ ರಾಗ. ಆದರೆ ಅವಳಿಗೆ ಬರುತ್ತಿದ್ದುದು ಸಿನಿಮಾದ ತಮಿಳು ಮಾತು. ನೋಟಿಸಿನ ಸುದ್ದಿ ಹಬ್ಬಿದ ಮೇಲೆ ಹುಡುಗಿಯರೆಲ್ಲ ಆ ಹಾಡು ಹುಡುಕಿ ಕೇಳಿದ್ದರಂತೆ. ಉಳಿದ ಹುಡುಗಿಯರೂ ನಗುತ್ತಾ ಸೇರಿಕೊಂಡರು. ತಟ್ಟೆ ಮೇಲೆದ್ದಿತು. ಮುಗೀತು, ಅಜ್ಜಿಯ ಮಾತು ಇವತ್ತಿಗೆ ಮುಗೀತು ಅಂದುಕೊಂಡೆ.

"ನಿಲ್ಲುಸ್ರೇ!"

ದೊಡ್ಡಮ್ಮನ ಕೂಗಿಗೆ ಮಂಟಪವೇ ಬೆಚ್ಚಿತು.

"ತಟ್ಟೆ ಇಳಿಸ್ರೀ. ಪದ ಇನ್ನೂ ಶುರುವೇ ಆಗಿಲ್ಲ. ರಾಗ ಯಾರ್ದಾರ ಇರ್ಲಿ, ಮಾತು ನಮ್ಮವ್ವಂದು."

ಹಾಡಿದಳು. ದನಿ ಒಡೆದಿತ್ತು, ಕೋಪಕ್ಕೋ ಅಳುವಿಗೋ ತಿಳಿಯದು. ಹಾಡುತ್ತಲೇ ನನ್ನ ತೋಳು ಚಿವುಟಿದಳು, ಸೇರಿಕೊ ಎಂದು. ಮೊದಲ ನುಡಿಗೆ ದನಿ ಸೇರಿಸಿದೆ. ಮುಂದಿನದನ್ನು ಅವಳ ತುಟಿ ನೋಡುತ್ತಾ ಹೇಗೋ ಎಳೆದೆ. ಕೊನೆಯ ನುಡಿಗೆ ಬರುವಾಗ ಅವಳಿಗೆ ಉಸಿರು ಸಾಲಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿ ಕೆಮ್ಮುತ್ತಾ, ನೀನು ಹಾಡು ಎಂದು ಕೈ ಮಾಡಿದಳು.

ಹೆಡ್‌ಫೋನ್ ಹಾಕಿಕೊಂಡು ಎಷ್ಟೋ ಸಲ ಕೇಳಿದ ಪದ. ಅವಳ ಉಸಿರಿನ ಸದ್ದು, ಕೆಮ್ಮು ಎಲ್ಲ ಕತ್ತರಿಸಿ ನಯ ಮಾಡಿದವಳು ನಾನೇ. ರೆಕಾರ್ಡ್ ಇದೆಯಲ್ಲ ಎಂದು ಒಂದು ಸಲವೂ ಬಾಯಿಪಾಠ ಮಾಡಿರಲಿಲ್ಲ.

ತಟ್ಟೆ ಇನ್ನೂ ಮೇಲೇ ಇತ್ತು. ದೊಡ್ಡಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು.