ಅಕ್ಕಿ ಡಬ್ಬದಲ್ಲಿ ಸಿಕ್ಕ ಮಾತ್ರೆ

ತೊಂಬತ್ತರ ದಶಕದ ಕೊನೆಗೆ, ಹಲಸೂರಿನ ಮನೆಯಲ್ಲಿ ನನ್ನ ಖಿನ್ನತೆಯ ಮಾತ್ರೆಗಳು ಕಾಣೆಯಾದವು. ಡಾಕ್ಟರ ಚೀಟಿಯೂ ಅವುಗಳ ಜೊತೆಯಲ್ಲೇ ಇತ್ತು. ಚೀಟಿಯಿಲ್ಲದೆ ಅಂಗಡಿಯವರು ಕೊಡಲಿಲ್ಲ. ತಲೆ ತಿರುಗುತ್ತಿತ್ತು, ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಎಲ್ಲೋ ಇಟ್ಟು ಮರೆತೆನೆಂದು ನನ್ನನ್ನೇ ಬೈದುಕೊಳ್ಳುತ್ತ ನಾಲ್ಕು ದಿನ ಹುಡುಕಿದೆ. ಅತ್ತೆಯೂ ನನ್ನೊಂದಿಗೆ ದಿಂಬುಗಳನ್ನು ಎತ್ತಿ ನೋಡಿದರು.

ಐದನೆಯ ದಿನ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದರು. ನಮ್ಮಲ್ಲಿ ಅಕ್ಕಿ ಅಳೆಯುವುದು ಅತ್ತೆಯೊಬ್ಬರೇ. ಅಂದು ಅವರು ಹಾಲ್‌ನಲ್ಲಿ ಮಾತಿಗೆ ಕೂತಿದ್ದರಿಂದ ನಾನೇ ಡಬ್ಬಕ್ಕೆ ಕೈ ಹಾಕಿದೆ. ಬೆರಳಿಗೆ ಮಾತ್ರೆಯ ಹಾಳೆ ತಗುಲಿತು.

ಅಷ್ಟರಲ್ಲಿ ಅತ್ತೆ ಒಳಗೆ ಬಂದರು. “ಅವ್ರು ಹೋಗೋವರೆಗೂ ಇರ್ಲಿ ಅಂತ ಇಟ್ಟಿದ್ದೆ ಕಣಮ್ಮ. ಹುಚ್ಚಿನ ಮಾತ್ರೆ ಅಂತ ಗೊತ್ತಾದ್ರೆ ನಮ್ಮ ಹುಡುಗೀನ ಯಾರು ಒಪ್ತಾರೆ? ನಾಲ್ಕು ದಿನ ಬಿಟ್ರೆ ಪ್ರಾಣ ಹೋಗುತ್ತಾ?”

ಹಿರಿಯರೆದುರು ದನಿ ಏರಿಸಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಏರಿಸಲಿಲ್ಲ. ನೀರಿನ ಲೋಟ ಹಿಡಿದು ಹಾಲ್‌ಗೆ ಹೋಗಿ, ಎಲ್ಲರೆದುರು ಮಾತ್ರೆ ನುಂಗಿದೆ.

“ತಲೆನೋವೇನಮ್ಮ?” ಎಂದು ಗಂಡಿನ ತಾಯಿ ಕೇಳಿದರು.

“ಇಲ್ಲಮ್ಮ, ಡಿಪ್ರೆಷನ್. ಎರಡು ವರ್ಷದಿಂದ ತಗೋತಿದೀನಿ.”

ಕೇಸರಿಬಾತಿನ ತಟ್ಟೆಗಳಲ್ಲಿ ಚಮಚಗಳು ನಿಂತವು. ನಮ್ಮ ಯಜಮಾನರು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. “ಮನೆ ಮಾನ ಕಳೆದ್ಬಿಟ್ಟೆಯಲ್ಲೇ! ಸಂಜೆ ನಾನೇ ತೆಗೆದುಕೊಡ್ತಿದ್ದೆ.”

ಅಂದರೆ ಅವರಿಗೂ ಗೊತ್ತಿತ್ತು.

“ಮೊನ್ನೆ ನಾನು ಅಳ್ತಾ ಬೀರು ಹಿಂದೆ ಹುಡುಕೋವಾಗ ಟಾರ್ಚ್ ಹಿಡ್ಕೊಂಡು ನಿಂತಿದ್ರಲ್ಲ ರೀ, ಆವಾಗ ಎಲ್ಲಿ ಹೋಗಿತ್ತು ನಿಮ್ಮ ಮಾನ?”

ಅಂದಿನ ಅಡುಗೆಯನ್ನು ಯಾರು ಮಾಡಿದರೋ ನನಗೆ ಗೊತ್ತಿಲ್ಲ. ನಾನು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದೆ.