ಮುಕ್ಕಾಲಿನ ಮಗ್ಗಿ

ಒದ್ದೆ ಗೋಣಿಚೀಲದ ವಾಸನೆ ನಿಮಗೂ ಗೊತ್ತಿರಬಹುದು. ಸ್ವಲ್ಪ ಮಣ್ಣು, ಸ್ವಲ್ಪ ಹಳೆಯ ಅಕ್ಕಿ, ಎರಡರ ಅಡಿಯಲ್ಲಿ ಎಲ್ಲೋ ಒಂದು ಹುಳಿ. ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಮಳೆ ಹಿಡಿದ ಕೂಡಲೇ ವಾಚ್‌ಮನ್ ಲಿಫ್ಟಿನ ಮುಂದೆ ಎರಡು ಗೋಣಿ ಹಾಸುತ್ತಾನೆ. ಹದಿನಾಲ್ಕು ಮಾಳಿಗೆಯ ಜನ ಅದರ ಮೇಲೆ ಚಪ್ಪಲಿ ಒರೆಸಿ ಲಿಫ್ಟಿನೊಳಗೆ ನಿಂತು, ಸಯನ್ ಹತ್ತಿರ ಹಳಿಯ ಮೇಲೆ ನೀರಂತೆ, ಸ್ಲೋ ಲೋಕಲ್ ಇಪ್ಪತ್ತು ನಿಮಿಷ ಲೇಟಂತೆ, ಎಲ್ಲೋ ಕಾಂಪೌಂಡ್ ಗೋಡೆ ಕುಸಿದು ಎರಡು ರಿಕ್ಷಾ ಜಜ್ಜಿಹೋದುವಂತೆ, ಕೊತ್ತಂಬರಿ ಕಟ್ಟಿಗೆ ಕೈ ಹಚ್ಚುವ ಹಾಗಿಲ್ಲವಂತೆ ಎಂದು ಹೇಳಿಕೊಳ್ಳುತ್ತಾರೆ. ಯಾರ ದನಿಯಲ್ಲೂ ಗಾಬರಿಯಿಲ್ಲ. ಈ ಊರಿನಲ್ಲಿ ಮಳೆಯ ಸುದ್ದಿಯೂ ತರಕಾರಿಯ ಸುದ್ದಿಯೂ ಒಂದೇ ಉಸಿರಿನಲ್ಲಿ ಬರುತ್ತವೆ. ನಾನು ಮೂಲೆಯಲ್ಲಿ ನಿಂತು ಕೇಳುತ್ತೇನೆ. ಆದರೆ ಆ ವಾಸನೆ ಮೂಗಿಗೆ ಬಿತ್ತೆಂದರೆ ನನ್ನ ಮನಸ್ಸು ಲಿಫ್ಟ್ ಹತ್ತುವುದಿಲ್ಲ. ಅದು ಮಾಟುಂಗದ ನಮ್ಮ ಹಳೆಯ ಚಾಳಿಗೆ, ಆ ವಠಾರದ ಕೆಳಗಿನ ಸಾಲಿನ ಮೂರನೆಯ ಖೋಲಿಗೆ, ನಮ್ಮ ಒಂದೇ ಕೋಣೆಯ ಮನೆಗೆ ಹೋಗಿ ಕೂತುಬಿಡುತ್ತದೆ.

ಆ ಖೋಲಿಯಲ್ಲಿ ನಾವು ನಾಲ್ವರಿದ್ದೆವು. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಅಪ್ಪ, ಅಮ್ಮ, ನಾನು, ಅಪ್ಪನ ಅಣ್ಣನಾದ ನನ್ನ ದೊಡ್ಡಪ್ಪ. ದೊಡ್ಡಪ್ಪ ಮದುವೆಯಾಗಿರಲಿಲ್ಲ. ಅದೇ ಹೋಟೆಲಿನ ಸ್ಟೋರ್ ರೂಮನ್ನು ಮೂವತ್ತು ವರ್ಷ ನೋಡಿಕೊಂಡು, ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲಿದ್ದರು. ಮಲ್ಪೆ ಕಡೆಯ ಸಮುದ್ರದ ಪಕ್ಕ ಹುಟ್ಟಿದವರು. ಮುಂಬಯಿಯ ಮಳೆಯನ್ನು ಅವರು ಮಳೆ ಎಂದು ಒಪ್ಪುತ್ತಲೇ ಇರಲಿಲ್ಲ. ಎದುರಿನ ಗಲ್ಲಿ ಕಾಣದಷ್ಟು ಸುರಿಯುತ್ತಿದ್ದರೂ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು, ಇದೂ ಒಂದು ಮಳೆಯಾ ಎಂಬ ಮುಖ ಮಾಡುತ್ತಿದ್ದರು. ಆದರೆ ನೀರಿನ ವಿಷಯದಲ್ಲಿ ಮಾತ್ರ ಅವರಿಗೆ ತಮಾಷೆಯಿರಲಿಲ್ಲ. ನಮ್ಮದು ತಗ್ಗಿನ ಜಾಗ. ಮಳೆಯೂ ಸಮುದ್ರದ ಉಬ್ಬರವೂ ಒಟ್ಟಿಗೆ ಬಂದರೆ ಗಟಾರದ ನೀರು ಹೋಗಲು ದಾರಿಯಿಲ್ಲದೆ ತಿರುಗಿ ನಮ್ಮ ಹೊಸ್ತಿಲಿಗೇ ಬರುತ್ತಿತ್ತು. ಅದಕ್ಕೇ ಜೂನ್ ಬಂತೆಂದರೆ ಕೆಳಗಿನ ಸಾಲಿನ ಎಲ್ಲ ಬಾಗಿಲುಗಳಿಗೂ ಮರಳು ತುಂಬಿದ ಗೋಣಿ, ಎಲ್ಲರ ಬಾಯಿಯಲ್ಲೂ ಒಂದೇ ಪ್ರಶ್ನೆ. ಇವತ್ತು ಭರತಿ ಎಷ್ಟು ಹೊತ್ತಿಗೆ? ಉಬ್ಬರಕ್ಕೆ ಮುಂಬಯಿಯವರು ಭರತಿ ಎನ್ನುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವವರು ನನ್ನ ದೊಡ್ಡಪ್ಪ.

ಅವರ ಲೆಕ್ಕ ಬಹಳ ಸುಲಭದ್ದು. ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನ ತಿಥಿ ಯಾವುದೆಂದು ನೋಡಬೇಕು. ಹುಣ್ಣಿಮೆಯಿಂದಲೋ ಅಮಾವಾಸ್ಯೆಯಿಂದಲೋ ಎಷ್ಟನೆಯ ದಿನವೋ ಅಷ್ಟಕ್ಕೆ ಮುಕ್ಕಾಲಿನ ಮಗ್ಗಿ ಹೇಳಬೇಕು. ಬಿದಿಗೆಯಾದರೆ ಎರಡು ಮುಕ್ಕಾಲು ಒಂದೂವರೆ, ಒಂದೂವರೆ ಗಂಟೆಗೆ ಉಬ್ಬರ. ಚೌತಿಯಾದರೆ ಮೂರು ಗಂಟೆ. ಅಷ್ಟಮಿಯಾದರೆ ಆರು. ಅಲ್ಲಿಂದ ಆರು ಗಂಟೆ ಹೊತ್ತು ಇಳಿತ, ಅದರಲ್ಲಿ ಮೊದಲ ಎರಡು ಗಂಟೆಗೇ ಗಲ್ಲಿಯ ನೀರು ಹರಿದುಹೋಗುತ್ತಿತ್ತು. ಸ್ವಲ್ಪ ಹಿಂದೆಮುಂದೆ ಆಗುತ್ತಿತ್ತು, ಆದರೆ ಪೂರ್ತಿ ತಪ್ಪಿದ್ದನ್ನು ನಾನು ನೋಡಿರಲಿಲ್ಲ. ಶಾಲೆಯಲ್ಲಿ ಯಾರಿಗೂ ಬಾರದ ಆ ಮಗ್ಗಿಯನ್ನು ದೊಡ್ಡಪ್ಪ ನನಗೆ ಏಳನೆಯ ವಯಸ್ಸಿಗೇ ಬಾಯಿಪಾಠ ಮಾಡಿಸಿದ್ದರು. ನಾನು ಗಿಳಿಯ ಹಾಗೆ ಒಪ್ಪಿಸುತ್ತಿದ್ದೆ. ಆದರೆ ಯಾರಾದರೂ ಕೇಳಲು ಬಂದಾಗ ಅವರು ಕ್ಯಾಲೆಂಡರ್ ನೋಡಿ ಅಲ್ಲಿಂದಲೇ ಉತ್ತರ ಹೇಳುತ್ತಿರಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು ಬಾಗಿಲಿಗೆ ಬಂದು, ಅಂಗೈಯನ್ನು ಮಳೆಗೆ ಚಾಚಿ, ಪಡುವಣ ದಿಕ್ಕಿನ ಮೋಡ ನೋಡಿ, ಗಟಾರದ ನೀರು ಯಾವ ಕಡೆ ಹರಿಯುತ್ತಿದೆ ಎಂದು ನೋಡಿ, ಆಮೇಲೆ ಬಾಯಿ ತೆರೆಯುತ್ತಿದ್ದರು. ಒಮ್ಮೆ ನಾನು ಅವಸರ ಮಾಡಿದ್ದಕ್ಕೆ, "ಮಗ್ಗಿ ಸಮುದ್ರದ್ದು ಮಾತ್ರ ಹೇಳ್ತದೆ ಮಗಾ. ಆಕಾಶದ್ದು ಹೇಳುದಿಲ್ಲ. ಬಾಗಿಲಿಗೆ ಬಂದು ನೋಡದೆ ಯಾರಿಗೂ ಹೇಳ್ಬಾರ್ದು," ಎಂದಿದ್ದರು. ನನಗೆ ಮಗ್ಗಿಯಷ್ಟು ಈ ಮಾತು ರುಚಿಸಲಿಲ್ಲ.

ದೊಡ್ಡಪ್ಪನ ಹತ್ತಿರ ದಿನವೂ ಕೇಳುವವರಲ್ಲಿ ಮೊದಲಿನವರು ಪಕ್ಕದ ಖೋಲಿಯ ಹುಸೇನ್ ಚಾಚಾ. ಗದಗದ ಕಡೆಯವರು, ಧಾರಾವಿಯ ಒಂದು ಕಾರ್ಖಾನೆಯಲ್ಲಿ ಚರ್ಮದ ಚೀಲ ಹೊಲಿಯುತ್ತಿದ್ದರು. ಆ ಕಾರ್ಖಾನೆಯೂ ತಗ್ಗಿನಲ್ಲೇ. ನೀರು ಬರುವ ಮೊದಲು ಚರ್ಮದ ಸುರುಳಿಗಳನ್ನು ಅಟ್ಟಕ್ಕೆ ಏರಿಸಬೇಕಿತ್ತು, ಅದಕ್ಕೆ ಅವರಿಗೆ ಹೊತ್ತು ಗೊತ್ತಾಗಬೇಕಿತ್ತು. ಅವರಿಗೂ ಚಾಚಿಗೂ ಮಕ್ಕಳಿರಲಿಲ್ಲ. ಚೂರು ಚರ್ಮ ಉಳಿದರೆ ನನಗೊಂದು ಪೆನ್ಸಿಲ್ ಚೀಲ, ಪುಸ್ತಕಕ್ಕೊಂದು ಗುರುತಿನ ಪಟ್ಟಿ ಮಾಡಿ ತರುತ್ತಿದ್ದರು. ಸಂಜೆ ಇಬ್ಬರೂ ಗಂಡಸರು ಚಾಳಿನ ಕಟ್ಟೆಯ ಮೇಲೆ ಕೂತರೆ ಮಾತು ಮಳೆಯಿಂದ ಶುರುವಾಗಿ ಲೋಕಲಿಗೆ, ಅಲ್ಲಿಂದ ನೀರುಳ್ಳಿ ದರಕ್ಕೆ, ಯಾರದೋ ಮಗಳ ಮದುವೆಗೆ ಹೋಗಿ ಮತ್ತೆ ಮಳೆಗೇ ಬರುತ್ತಿತ್ತು. ಆಕಾಶದ ನೀರೆಲ್ಲ ಕರಾವಳಿಯವರೇ ಹಿಡಿದಿಟ್ಟುಕೊಂಡಿದ್ದೀರಿ, ನಮ್ಮ ಕಡೆಗೆ ನಾಲ್ಕು ಹನಿ ಬಿಡಿ ಎಂದು ಚಾಚಾ ಕಿಚಾಯಿಸುತ್ತಿದ್ದರು. ಒಯ್ಯಲು ಪಾತ್ರೆ ತಂದಿದ್ದೀಯಾ ಎಂದು ದೊಡ್ಡಪ್ಪ ಕೇಳುತ್ತಿದ್ದರು. ಒಳಗೆ ಅಮ್ಮ ಮೀನು ಹುರಿಯುವ ಹೊಗೆ, ಹೊರಗೆ ಚಾಚಾನ ಬೆರಳುಗಳಿಗೆ ಅಂಟಿದ ಚರ್ಮದ ಗೋಂದಿನ ವಾಸನೆ, ನಡುವೆ ನಾನು. ಅಂಥ ಸಂಜೆಗಳು ಯಾವತ್ತೂ ಮುಗಿಯುವುದಿಲ್ಲ ಎಂದೇ ನಾನು ತಿಳಿದಿದ್ದೆ.

ಆ ದೊಡ್ಡ ಮಳೆಯ ವರ್ಷ ನನಗೆ ಒಂಬತ್ತು. ಬೆಳಿಗ್ಗೆ ಬಿಸಿಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಆಕಾಶ ಬಿರಿಯಿತು, ಶಾಲೆ ಬೇಗ ಬಿಟ್ಟಿತು. ನಾನು ಮನೆ ಸೇರಿದಾಗ ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು. ಅಮ್ಮ ಅಕ್ಕಿ ಡಬ್ಬಿ, ಹಾಸಿಗೆಗಳನ್ನು ಮೇಲಿನ ಮಾಳಿಗೆಯವರ ಮನೆಗೆ ಸಾಗಿಸುತ್ತಿದ್ದಳು. ದೊಡ್ಡಪ್ಪ ಹಿತ್ತಲಲ್ಲಿ ಇನ್ನಿಬ್ಬರ ಜೊತೆ ಗಟಾರಕ್ಕೆ ಸಿಕ್ಕಿದ ಕಸ ಎಳೆಯುತ್ತಿದ್ದರು. ಖೋಲಿಯಲ್ಲಿ ನಾನೊಬ್ಬಳೇ, ಸ್ಟೂಲಿನ ಮೇಲೆ ಕಾಲು ಮಡಚಿಕೊಂಡು ಕೂತಿದ್ದೆ. ಆಗ ಫೋನು ಬಂತು. ಇಡೀ ಸಾಲಿಗೆ ಫೋನಿದ್ದದ್ದು ನಮ್ಮಲ್ಲಿ ಮಾತ್ರ. ಮಾತಾಡಿದವರು ಚಾಚಾ. ಅಣ್ಣಾರಿಗೆ ಕೊಡು ಎಂದರು, ದೊಡ್ಡಪ್ಪನನ್ನು ಅವರು ಕರೆಯುತ್ತಿದ್ದುದು ಹಾಗೆ. ಹಿತ್ತಲಲ್ಲಿದ್ದಾರೆ ಎಂದೆ. ರಸ್ತೆಯಲ್ಲಿ ಮೊಣಕಾಲುದ್ದ ನೀರು ಬಂದಿದೆ, ಈಗಲೇ ಹೊರಟರೆ ಅರ್ಧ ಗಂಟೆಯಲ್ಲಿ ನಡೆದು ಬರಬಹುದು, ಇಲ್ಲವಾದರೆ ಚರ್ಮವನ್ನೆಲ್ಲ ಏರಿಸಿಟ್ಟು ನೀರು ಇಳಿದ ಮೇಲೆ ಹೊರಡುತ್ತೇನೆ, ಅಣ್ಣಾರನ್ನು ಕೇಳಿ ಹೇಳು ಎಂದರು.

ಹಿತ್ತಲು ಇಪ್ಪತ್ತು ಹೆಜ್ಜೆ. ನಾನು ಹೋಗಲಿಲ್ಲ. ನೀರಿಗೆ ಇಳಿಯಲು ಬೇಸರವಾಯಿತು ಎಂದು ಹೇಳಿಕೊಂಡರೆ ಅರ್ಧ ಸತ್ಯವಾಗುತ್ತದೆ. ಪೂರ್ತಿ ಸತ್ಯ ಬೇರೆ. ನನಗೂ ಬರುತ್ತದೆ ಎಂದು ತೋರಿಸಬೇಕಿತ್ತು. ಸ್ಟೂಲಿನ ಮೇಲಿಂದಲೇ ಕ್ಯಾಲೆಂಡರ್ ನೋಡಿದೆ. ಹುಣ್ಣಿಮೆ ಕಳೆದು ಐದನೆಯ ದಿನ, ಪಂಚಮಿ. "ಐದು ಮುಕ್ಕಾಲು ಮೂರೂ ಮುಕ್ಕಾಲು. ಮೂರೂ ಮುಕ್ಕಾಲಿಗೆ ಭರತಿ ಚಾಚಾ, ಆರು ಗಂಟೆಗೆ ನೀರೆಲ್ಲ ಇಳಿದಿರ್ತದೆ. ಆಮೇಲೆ ಬನ್ನಿ," ಎಂದೆ. ಆ ಕಡೆಯಿಂದ ಚಾಚಾ ನಕ್ಕರು. ಶಹಬ್ಬಾಸ್ ಬೇಟಾ ಎಂದು ಫೋನಿಟ್ಟರು. ನಾನು ಬಾಗಿಲಿಗೆ ಹೋಗಿ ಅಂಗೈ ಚಾಚಿರಲಿಲ್ಲ. ಚಾಚಿದ್ದರೂ ಒಂಬತ್ತು ವರ್ಷದ ಕೈಗೆ ಏನು ತಿಳಿಯುತ್ತಿತ್ತೋ ನನಗೆ ಗೊತ್ತಿಲ್ಲ.

ದೊಡ್ಡಪ್ಪ ಒಳಗೆ ಬಂದಾಗ ನೀರು ಗೋಣಿ ದಾಟಿ ಸ್ಟೂಲಿನ ಕಾಲು ಹತ್ತುತ್ತಿತ್ತು. ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ಬೈಯಲಿಲ್ಲ. ಎಷ್ಟು ಹೊತ್ತಾಯಿತು ಎಂದು ಕೇಳಿ ರಿಸೀವರ್ ಎತ್ತಿದರು. ಫೋನು ಸತ್ತಿತ್ತು. ಗುಂಡಿ ಒತ್ತಿ ಒತ್ತಿ ನೋಡಿದರು. ಆಮೇಲೆ ನನ್ನನ್ನು ಎತ್ತಿ ಮೇಲಿನ ಮಾಳಿಗೆಯಲ್ಲಿ ಅಮ್ಮನ ಹತ್ತಿರ ಬಿಟ್ಟು, ಆ ಕೆಟ್ಟ ಮೊಣಕಾಲಿನಲ್ಲೇ ಧಾರಾವಿಯ ಕಡೆ ಹೊರಟರು. ನಾನು ಕಟಕಟೆಗೆ ಮುಖ ಒತ್ತಿ ನೋಡುತ್ತಿದ್ದೆ. ಗಲ್ಲಿಯ ತುದಿಯವರೆಗೆ ಹೋದರು, ನೀರು ಸೊಂಟಕ್ಕೆ ಬಂತು, ಯಾರೋ ಇಬ್ಬರು ಹಿಡಿದು ಹಿಂದಕ್ಕೆ ಕಳಿಸಿದರು. ಮತ್ತೆ ಹೋದರು, ಮತ್ತೆ ಕಳಿಸಿದರು. ಮೂರೂ ಮುಕ್ಕಾಲಾಯಿತು, ಆರಾಯಿತು. ಸಮುದ್ರ ಲೆಕ್ಕದಂತೆ ಇಳಿದಿರಲೂಬಹುದು. ನಮ್ಮ ಗಲ್ಲಿಯ ನೀರು ಒಂದು ಬೆರಳೂ ಇಳಿಯಲಿಲ್ಲ, ಏರುತ್ತಲೇ ಇತ್ತು. ನೋಡುತ್ತ ನಿಲ್ಲುವುದು ಬಿಟ್ಟು ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಚಾಚಾ ಆರು ಗಂಟೆಯವರೆಗೆ ಕಾದು ಹೊರಟರೆಂದು ಜೊತೆಯವರು ಆಮೇಲೆ ಹೇಳಿದರು. ಉಳಿದವರು ಅಟ್ಟದ ಮೇಲೆಯೇ ಇದ್ದರು, ಬದುಕಿದರು. ಇನ್ನೇನು ಇಳಿಯುತ್ತದೆ, ಅಣ್ಣಾರ ಮನೆಯ ಲೆಕ್ಕ ತಪ್ಪುವುದಿಲ್ಲ ಎಂದು ಹೇಳಿ ಅವರೊಬ್ಬರೇ ಇಳಿದರಂತೆ. ಯಾರೋ ನೀರು ಹೋಗಲೆಂದು ಗಟಾರದ ಮುಚ್ಚಳ ತೆಗೆದಿಟ್ಟಿದ್ದರು. ಆ ಬಾಯಿಗೆ ಬಿದ್ದ ಚಾಚಾ ಮೂರನೆಯ ದಿನ ಸಿಕ್ಕಿದರು.

ಚಾಚಾಗೆ ಕಾಯಲು ಹೇಳಿದವರು ಯಾರು ಎಂಬ ಮಾತು ಚಾಳಿನಲ್ಲಿ ಎದ್ದಾಗ ದೊಡ್ಡಪ್ಪ, "ಹೇಳಿದ್ದು ನಾನೇ," ಎಂದರು. ನಾನು ಅಮ್ಮನ ಸೆರಗಿನ ಹಿಂದೆಯೇ ಇದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ. ನಾನು ಬಾಯಿ ತೆರೆಯಲಿಲ್ಲ. ಅವತ್ತು ತೆರೆಯದ ಬಾಯಿ ಮರುದಿನ ತೆರೆಯುವುದು ಇನ್ನೂ ಕಷ್ಟ, ವರ್ಷ ಕಳೆದ ಮೇಲೆ ಕೇಳುವುದೇ ಬೇಡ. ಜನ ದೊಡ್ಡಪ್ಪನಿಗೆ ಎದುರಿಗೆ ಏನೂ ಅನ್ನಲಿಲ್ಲ. ಕೇಳಲು ಬರುವುದನ್ನು ನಿಲ್ಲಿಸಿದರು, ಅಷ್ಟೇ. ಮುಂದಿನ ಜೂನಿನಲ್ಲಿ ಬಂದವರು ಚಾಚಿ ಒಬ್ಬರೇ. ಹೊಸ್ತಿಲಲ್ಲಿ ನಿಂತು, ಎಂದಿನಂತೆ, ಇವತ್ತು ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದರು. ದೊಡ್ಡಪ್ಪ ಗೋಡೆಯ ಕಡೆ ತಿರುಗಿ, ನನಗೆ ಬರುವುದಿಲ್ಲಮ್ಮ ಎಂದರು. ಆಮೇಲೆ ನಮ್ಮ ಮನೆಯಲ್ಲಿ ಮಳೆಯ ಮಾತೇ ನಿಂತಿತು. ನೀರು ಬಂದರೆ ಸುಮ್ಮನೆ ಸಾಮಾನು ಎತ್ತುತ್ತಿದ್ದೆವು, ಹೋದರೆ ಸುಮ್ಮನೆ ತೊಳೆಯುತ್ತಿದ್ದೆವು. ಕೆಲವು ವರ್ಷಕ್ಕೆ ಚಾಳನ್ನು ಬಿಲ್ಡರ್ ಕೆಡವಿದ. ಈಗ ಆ ಜಾಗದಲ್ಲಿ ಕಾರು ನಿಲ್ಲಿಸುವ ನಾಲ್ಕು ಮಾಳಿಗೆ, ಅದರ ಮೇಲೆ ಮನೆಗಳು. ಕಟ್ಟೆ ಯಾವ ಕಂಬದ ಹತ್ತಿರ ಇತ್ತೆಂದು ನನಗೇ ಗುರುತು ಸಿಗುವುದಿಲ್ಲ.

ದೊಡ್ಡಪ್ಪ ಹೋದದ್ದು ಕಳೆದ ವರ್ಷ. ಕೊನೆಯ ದಿನಗಳಲ್ಲಿ ನಾನು ಒಮ್ಮೆ ಅವರ ಮಂಚದ ಬಳಿ ಕೂತು ಆ ಮಾತು ಎತ್ತಿದೆ. ಅವರು ನನ್ನ ಕೈ ತಟ್ಟಿ, ಗಂಜಿ ಆಯ್ತಾ ಕೇಳು ಎಂದರು. ಅಷ್ಟರಲ್ಲೇ ಮುಗಿಯಿತು. ಅವರ ಹದಿಮೂರನೆಯ ದಿನ ಕಳೆದ ಮೇಲೆ ನನಗೆ ತಡೆಯಲಾಗಲಿಲ್ಲ. ಅವರು ಹೊತ್ತುಕೊಂಡದ್ದನ್ನು ಇಳಿಸಲು ಇನ್ನು ಉಳಿದ ಜಾಗ ಒಂದೇ ಇತ್ತು. ವಿಳಾಸ ಹುಡುಕಿಕೊಂಡು ಚಾಚಿಯಲ್ಲಿಗೆ ಹೋದೆ. ಧಾರಾವಿಯಲ್ಲಿ ತಮ್ಮನ ಮನೆಯ ಮೇಲಿನ ಖೋಲಿಯಲ್ಲಿದ್ದಾರೆ. ಕಬ್ಬಿಣದ ಏಣಿ ಹತ್ತಿ ಹೋಗಬೇಕು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಕಂಡ ಕೂಡಲೇ ಗುರುತಿಸಿ, ದೊಡ್ಡಪ್ಪನ ಸುದ್ದಿ ಕೇಳಿ ಬಹಳ ಹೊತ್ತು ಅತ್ತರು. ಆಮೇಲೆ ನಾನು ಹೇಳಿದೆ. ಫೋನು ಎತ್ತಿದ್ದು ನಾನು, ಲೆಕ್ಕ ಹಾಕಿದ್ದು ನಾನು, ಕಾಯಿರಿ ಎಂದದ್ದು ನಾನು. ಆ ಹೊತ್ತಿಗೆ ದೊಡ್ಡಪ್ಪನಿಗೆ ಗೊತ್ತೇ ಇರಲಿಲ್ಲ. ಹೇಳುವಾಗ ನನ್ನ ದನಿ ಒಂಬತ್ತು ವರ್ಷದವಳದ್ದೇ ಆಗಿತ್ತು.

ಚಾಚಿ ಸೆರಗಿನಿಂದ ಮೂಗು ಒರೆಸಿಕೊಂಡರು. "ನನಗ ಗೊತ್ತದವಾ," ಎಂದರು. "ಅವತ್ತ ನಾ ಅಡಗಿ ಮಾಡ್ತಿದ್ದ ಬಿಲ್ಡಿಂಗಿನ್ಯಾಗ ಇದ್ದೆ. ನಿನ್ನ ಕೂಡ ಮಾತಾಡಿ, ಹಿಂದಿಂದನ ಅಲ್ಲಿಗೆ ಫೋನ್ ಮಾಡಿದ್ರು. ಅಣ್ಣಾರು ಇಲ್ಲ, ಹುಡುಗೀನ ಲೆಕ್ಕಾ ಹಾಕಿ ಹೇಳ್ಯಾಳ, ಭಾಳ ಶಾಣ್ಯಾ ಆಗ್ಯಾಳ ಅಂದ್ರು. ನಗಾಕತ್ತಿದ್ರು."

ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಹೇಗೋ ಕೇಳಿದೆ. ಅವರು ತಮ್ಮ ಅಂಗೈಗಳನ್ನೇ ನೋಡಿಕೊಂಡರು.

"ನಿಮ್ಮ ದೊಡ್ಡಪ್ಪಾರು ತಮ್ಮ ಮ್ಯಾಲ ಹಾಕ್ಕೊಂಡ್ರು. ನಾ ಬಾಯಿ ತೆಗೆದ್ರ ಅದು ನಿನ್ನ ಮ್ಯಾಲ ಬರ್ತಿತ್ತು. ನೀ ಕೂಸು. ಮುಂದಿನ ವರ್ಷ ಕೇಳಾಕ ಬಂದಿದ್ದೆನಲ್ಲ, ಅವರು ಮತ್ತ ಹೇಳಲಿ ಅಂತ ಬಂದಿದ್ದೆ. ಹೇಳಲಿಲ್ಲ."

ಇಬ್ಬರೂ ನನಗಾಗಿ ಸುಮ್ಮನಿದ್ದರು. ಚಾಚಿಗೆ ಎಲ್ಲ ತಿಳಿದಿದೆ ಎಂಬುದು ದೊಡ್ಡಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಕಟ್ಟೆಯ ಮೇಲೆ ಅವರಿಬ್ಬರಾದರೂ ಕೂತು ನಾಲ್ಕು ಮಾತಾಡಬಹುದಿತ್ತು. ನನ್ನ ಒಂದು ಮಾತು ಚಾಚಾನನ್ನು ಕೊಂಡೊಯ್ದಿತು, ಆಡದೆ ಉಳಿದ ಇನ್ನೊಂದು ಮಾತು ದೊಡ್ಡಪ್ಪನ ಇಪ್ಪತ್ತು ವರ್ಷ ತಿಂದಿತು. ಎರಡನ್ನೂ ಈಗ ಯಾರಿಗೆ ಹಿಂತಿರುಗಿಸಲಿ?

ಹೊರಗೆ ಮಳೆ ಜೋರಾಗಿತ್ತು. ತಗಡಿನ ಮೇಲೆ ಬೀಳುವ ಸದ್ದಿಗೆ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ಚಹಾ ಕುಡಿದ ಮೇಲೆ ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಈಗ ಹೋಗುತ್ತೀಯೋ, ನಿಂತ ಮೇಲೆ ಹೋಗುತ್ತೀಯೋ ಎಂದು ಚಾಚಿ ಕೇಳಿದರು. ಯಾರಾದರೂ ಯಾರನ್ನಾದರೂ ಕೇಳುವ ಮಾತೇ ಅದು. ನಾನು ಚೀಲದ ಪಟ್ಟಿ ಹಿಡಿದು ನಿಂತುಬಿಟ್ಟೆ. ಅವರು ನನ್ನ ಮುಖ ನೋಡಿದರು. ಆಮೇಲೆ ಗೋಡೆ ಹಿಡಿದು ಎದ್ದು, ಏಣಿಯ ಬಾಗಿಲಿಗೆ ಹೋಗಿ, ಹೊರಗೆ ಇಣುಕಿ ನೋಡಿ ಬಂದರು.

"ಕೂಡು," ಎಂದರು. "ನಾ ಹೇಳ್ತೀನಿ, ಆವಾಗ ಹೋಗು."

ನಾನು ಚೀಲ ಕೆಳಗಿಟ್ಟು ಕೂತೆ.