ಒಂದು ಮನವಿ, ಅರವತ್ತೆಂಟು ಸಹಿ

ಏಪ್ರಿಲ್ ಬಂತೆಂದರೆ ನೀಲಾಂಬಿಕಾಳ ಹೆಗಲೆರಡೂ ಬಿಗಿದು ಕಿವಿಯ ಹತ್ತಿರ ಏರಿ ಕೂರುತ್ತವೆ. ಅಲ್ಲಿನ ಹಣಕಾಸು ವರ್ಷ ಶುರುವಾಗುವ ಜುಲೈ ಒಂದರ ತನಕ ಇಳಿಯುವ ಮಾತಿಲ್ಲ. ಅವಳದು ಸಿಡ್ನಿಯ ಪಶ್ಚಿಮದ ಒಂದು ಕೌನ್ಸಿಲ್‌ನಲ್ಲಿ, ಅಂದರೆ ನಮ್ಮ ನಗರಸಭೆಯಂಥ ಕಚೇರಿಯಲ್ಲಿ, ಹಣಕಾಸು ವಿಭಾಗದ ಕೆಲಸ. ಹದಿನಾಲ್ಕು ಬಜೆಟ್ ಮುಗಿಸಿದ್ದಾಳೆ, ಇದು ಹದಿನೈದನೆಯದು. ಧಾರವಾಡದಿಂದ ಬಂದ ಹೊಸದರಲ್ಲಿ ಬಜೆಟ್ ಅಂದರೆ ಊರು ಕಟ್ಟುವ ಕೆಲಸ ಎಂದು ತಿಳಿದಿದ್ದಳಂತೆ. ಈಗ ಕೇಳಿದರೆ, ಯಾರ ಮನೆ ಮುಂದಿನ ಫುಟ್‌ಪಾತ್ ಈ ವರ್ಷ, ಯಾರದು ಬರುವ ವರ್ಷ ಎಂದು ಹೇಳಿ ಎರಡೂ ಕಡೆಯಿಂದ ಬೈಸಿಕೊಳ್ಳುವ ಕೆಲಸ ಅನ್ನುತ್ತಾಳೆ.

ಮೇ ತಿಂಗಳಲ್ಲಿ ಕರಡು ಬಜೆಟ್ಟನ್ನು ಇಪ್ಪತ್ತೆಂಟು ದಿನ ಜನರ ಮುಂದೆ ಇಡುತ್ತಾರೆ. ಯಾರು ಬೇಕಾದರೂ ಅಭಿಪ್ರಾಯ ಬರೆದು ಕಳಿಸಬಹುದು. ಜನರೂ ಧಾರಾಳವಾಗಿಯೇ ಕಳಿಸುತ್ತಾರೆ. ಮನೆ ಮುಂದಿನ ಮರದ ಎಲೆ ತನ್ನ ಸೂರಿನ ನೀರಿನ ದೋಣಿಯಲ್ಲಿ ಬೀಳುತ್ತದೆಂದು ಹನ್ನೊಂದು ಪುಟ ಬರೆಯುವ ಮಹಾನುಭಾವರೊಬ್ಬರಿದ್ದಾರೆ, ಪ್ರತಿ ವರ್ಷ ತಪ್ಪದೆ. ಇವನ್ನೆಲ್ಲ ಒಂದೊಂದಾಗಿ ಓದಿ, ಎರಡು ಸಾಲಿಗೆ ಇಳಿಸಿ, ಯಾವ ವಿಷಯಕ್ಕೆ ಎಷ್ಟು ಬಂದವು ಎಂದು ಪಟ್ಟಿ ಮಾಡುವವಳು ನೀಲಾಂಬಿಕಾ. ಆ ಪಟ್ಟಿಯ ಮೇಲಿನ ಮೂರು ವಿಷಯಗಳನ್ನು ಮಾತ್ರ ಕೌನ್ಸಿಲರುಗಳು ಮತ್ತೊಮ್ಮೆ ಕೈಗೆತ್ತಿಕೊಳ್ಳುತ್ತಾರೆ. ಮಿಕ್ಕವಕ್ಕೆ ಒಂದು ಧನ್ಯವಾದ ಪತ್ರ ಹೋಗುತ್ತದೆ.

ಗಂಡ ಯತೀಶ್ ನಗರದ ಆಚೆ ಬದಿಯ ಚಾಟ್ಸ್‌ವುಡ್‌ನ ಆಫೀಸಿನಿಂದ ಬರುವುದು ತಡ. ಮಗಳು ಓದುತ್ತಿರುವುದು ಮೆಲ್ಬರ್ನ್‌ನಲ್ಲಿ. ಫೋನಿನಲ್ಲಿ ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಹೀಗಾಗಿ ನೀಲಾಂಬಿಕಾಳ ದಿನದ ಗೋಳು ಕೇಳಲು ಸಿಗುವವರು ಅತ್ತೆ ರುದ್ರವ್ವ ಒಬ್ಬರೇ.

"ಇವತ್ತ ಐವತ್ತಮೂರು ಓದೀನ್ರಿ ಅತ್ತಿ. ಕಣ್ಣ ಕಿತ್ತು ಟೇಬಲ್ ಮ್ಯಾಲ ಇಡಬೇಕ ಅನಸ್ತೈತ್ರಿ."

"ಅಷ್ಟೂ ನೀನಽ ಓದಬೇಕೇನ? ಆ ಆಫೀಸಿನ್ಯಾಗ ಬ್ಯಾರೆ ಯಾರೂ ಇಲ್ಲೇನವಾ?"

"ಇನ್ನೊಬ್ಬಾಕಿ ಇದ್ಲು, ಬಿಟ್ಟಹೋದ್ಲರಿ. ಅಕಿ ಜಾಗಾಕ ಮಂದಿ ತಗೊಳ್ಳಾಕ ಬಜೆಟ್ ಇಲ್ಲಂತ."

ಬಜೆಟ್ ಮಾಡುವವಳಿಗೇ ಬಜೆಟ್ ಇಲ್ಲವೆಂದರೆ ರುದ್ರವ್ವ ನಗಬೇಕಿತ್ತು. ನಗಲಿಲ್ಲ. ಎದ್ದು ಹೋಗಿ ಸೊಸೆಯ ತಟ್ಟೆಗೆ ಇನ್ನೊಂದು ಬಿಸಿ ರೊಟ್ಟಿ ತಂದು ಹಾಕಿದರು.

ಈ ವರ್ಷದ ಕರಡಿನ ತೊಂಬತ್ತನಾಲ್ಕನೆಯ ಪುಟದಲ್ಲಿ ನಾಲ್ಕೇ ಸಾಲಿತ್ತು. ಖರ್ಚು ಇಳಿಸಲು ಪಾರ್ಕಿನ ಬದಿಯ ಹಳೆಯ ಸಮುದಾಯ ಭವನವನ್ನು ಜುಲೈಯಿಂದ ಪ್ರತಿ ಮಂಗಳವಾರ ಮುಚ್ಚುವುದು. ಆ ಭವನಕ್ಕೆ ಮಂಗಳವಾರ ಬರುವವರು ಹಿರಿಯರು. ಹುಬ್ಬಳ್ಳಿ, ಬೆಳಗಾವಿಯವರು, ಪಂಜಾಬಿಗಳು, ಲೆಬನಾನಿನವರು. ಕುರ್ಚಿಯಲ್ಲೇ ಕೂತು ಕೈಕಾಲು ಆಡಿಸುತ್ತಾರೆ, ಚಹಾ ಕುಡಿಯುತ್ತಾರೆ. ರುದ್ರವ್ವ ಡಬ್ಬಿಯಲ್ಲಿ ಚುರುಮುರಿ ಒಯ್ದು ಒಬ್ಬ ಲೆಬನಾನಿ ಮುದುಕಿಯ ಜೊತೆ ಮೊಣಕಾಲು ನೋವಿನ ಬಗ್ಗೆ ಗಂಟೆಗಟ್ಟಲೆ ಮಾತಾಡಿ ಬರುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ವಾರದಲ್ಲಿ ಅವರು ಮನೆಯಿಂದ ಹೊರಗೆ ಕಾಲಿಡುತ್ತಿದ್ದುದು ಅದೊಂದೇ ದಿನ.

ಆ ನಾಲ್ಕು ಸಾಲನ್ನು ಟೈಪ್ ಮಾಡಿದವಳು ನೀಲಾಂಬಿಕಾಳೇ. ಅದಕ್ಕೂ ಮೊದಲು, ನನ್ನ ಅತ್ತೆ ಈ ಭವನಕ್ಕೆ ಹೋಗುತ್ತಾರೆ ಎಂದು ನಿಯಮದಂತೆ ಫಾರ್ಮ್ ತುಂಬಿ ಕೊಟ್ಟಿದ್ದಳು. ಮ್ಯಾನೇಜರ್ ಹೆಲೆನ್, "ಹಾಗಾದರೆ ಈ ವಿಷಯದಲ್ಲಿ ಹೊರಗೆ ಯಾರಿಗೂ ಸಲಹೆ ಕೊಡಬೇಡ, ಅಷ್ಟೇ," ಅಂದಿದ್ದಳು.

ಮೇ ಕೊನೆಯ ಭಾನುವಾರ ಪಂಚಾಕ್ಷರಯ್ಯ ಮನೆಗೆ ಬಂದರು. ಬೆಳಗಾವಿ ಕಡೆ ಹೈಸ್ಕೂಲಿನ ಹೆಡ್ಮಾಸ್ತರರಾಗಿ ನಿವೃತ್ತರಾದವರು. ಮಂಗಳವಾರದ ಗುಂಪಿಗೆ ಅವರೇ ಹಿರಿಯರು. ಹೆಗಲಿಗೊಂದು ಬಟ್ಟೆಯ ಚೀಲವಿತ್ತು. ನೀಲಾಂಬಿಕಾ ಆ ದಿನವೂ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು.

"ತಂಗಿ, ಆ ಪಾರ್ಕಿನ ಹಾಲ್ ಮುಚ್ಚೂ ಸಂಬಂಧ ಒಂದ ಮಾತ ಕೇಳೂದಿತ್ತು," ಎಂದು ಶುರು ಮಾಡಿದರು.

"ಅಯ್ಯಾರ, ಅದರ ಬಗ್ಗೆ ನಾ ಮಾತಾಡೂ ಹಂಗಿಲ್ರಿ, ರೂಲ್ಸ್ ಐತಿ. ನೀವು ಏನ್ ಕಳಸಬೇಕೋ ಕಳಸ್ರಿ, ನಾ ಓದತೀನಿ."

ಮಾಸ್ತರರ ಮುಖ ಸಣ್ಣದಾಯಿತು. ಅಡುಗೆಮನೆಯಿಂದ ರುದ್ರವ್ವ ಅವರನ್ನು ಚಹಾಕ್ಕೆ ಕರೆದರು. ಒಳಗೆ ಸ್ವಲ್ಪ ಹೊತ್ತು ಗುಸುಗುಸು ಮಾತಾಯಿತು, ಆಮೇಲೆ ಅವರು ಹೋದರು. ಬಾಗಿಲು ಮುಚ್ಚಿದ ಸದ್ದು ಕೇಳಿದಾಗ ನೀಲಾಂಬಿಕಾಳಿಗೆ ಹಾಯೆನಿಸಿದ್ದು ಸುಳ್ಳಲ್ಲ. ಸಲಹೆ ಬೇಡ, ಸರಿ. ಆದರೆ ಪ್ರತಿಯೊಬ್ಬರೂ ಬೇರೆ ಬೇರೆ ಬರೆಯಬೇಕು, ಎಷ್ಟೇ ಸಹಿಯಿದ್ದರೂ ಒಂದು ಮನವಿಗೆ ಒಂದೇ ಲೆಕ್ಕ ಎಂಬುದು ಕೌನ್ಸಿಲ್ ವೆಬ್‌ಸೈಟಿನ ಮೂಲೆಯಲ್ಲಿ ಎಲ್ಲರಿಗಾಗಿ ಬರೆದೇ ಇತ್ತು. ಆ ಪುಟ ನೋಡಿರಿ ಎಂದರೆ ಯಾವ ನಿಯಮವೂ ಮುರಿಯುತ್ತಿರಲಿಲ್ಲ. ಬಾಯಿ ಕಟ್ಟಿದ್ದು ನಿಯಮವಲ್ಲ, ಸುಸ್ತು.

ಅಭಿಪ್ರಾಯ ಕಳಿಸುವ ಕೊನೆಯ ದಿನ ಮಾಸ್ತರರ ಮನವಿ ಬಂತು. ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಒಂದೂವರೆ ಪುಟ. ಕೆಳಗೆ ಅರವತ್ತೆಂಟು ಸಹಿ. ಕನ್ನಡದಲ್ಲಿ, ಪಂಜಾಬಿಯಲ್ಲಿ, ಅರಬ್ಬಿಯಲ್ಲಿ. ಹದಿನೇಳನೆಯದು ರುದ್ರವ್ವನವರದು. ನೀಲಾಂಬಿಕಾಳಿಗೆ ಸಿಟ್ಟು ನೆತ್ತಿಗೇರಿತು. ನಮ್ಮ ಜನಕ್ಕೆ ಎಲ್ಲಿ ಹೋದರೂ ಇದೇ ಚಾಳಿ! ಊರಿಗೆಲ್ಲ ಒಂದು ಮನವಿ, ಹಿರಿಯರ ಸಹಿ ಮೊದಲು, ಸಾಹೇಬರ ಕೈಗೆ ಒಪ್ಪಿಸಿ ಕೈಮುಗಿದು ಬಂದರೆ ಕೆಲಸವಾಯಿತು ಎಂಬ ನಂಬಿಕೆ. ಅತ್ತ ನಾಯಿ ಸಾಕಿದವರು ತಮ್ಮ ಪಾರ್ಕಿಗೆ ಬೇಲಿ ಬೇಕೆಂದು ನೂರ ನಲವತ್ತಮೂರು ಜನ ನೂರ ನಲವತ್ತಮೂರು ಈಮೇಲ್ ಮಾಡಿದ್ದರು.

"ಇದರಲ್ಲಿ ಅರವತ್ತೆಂಟು ಸಹಿ ಇದೆ," ಎಂದು ಹೆಲೆನ್‌ಗೆ ತೋರಿಸಿದಳು. "ಬಿಡಿಯಾಗಿ ಬಂದಿದ್ದರೆ ಮೂರನೇ ಸ್ಥಾನಕ್ಕೆ ಬರುತ್ತಿತ್ತು."

ಹೆಲೆನ್ ಕೆಟ್ಟವಳಲ್ಲ. ಓದಿ ನಿಟ್ಟುಸಿರು ಬಿಟ್ಟಳು. "ಮನವಿಗೆ ಒಂದೇ ಲೆಕ್ಕ, ನೀಲಾ. ಆ ನಿಯಮ ಬರೆದುಕೊಟ್ಟವಳು ನೀನೇ ಅಲ್ಲವಾ? ನಿನ್ನ ಅತ್ತೆಯ ಸಹಿ ಇರುವ ಕಾಗದಕ್ಕೆ ನೀನೇ ಅದನ್ನು ಮುರಿದರೆ ಹೇಗೆ?"

ಬರೆದವಳು ಅವಳೇ, ಆರು ವರ್ಷದ ಹಿಂದೆ. ತಿರುಗಿ ಬಂದು ಭವನದ ಮುಂದೆ ಒಂದು ಎಂದು ಹಾಕಿದಳು. ಪಟ್ಟಿಯಲ್ಲಿ ಅದು ಎಲ್ಲಕ್ಕಿಂತ ಕೆಳಗೆ, ಎಲೆ ಬೀಳುವ ಮರದ ಪಕ್ಕದಲ್ಲಿ ಕೂತಿತು. ಜೂನ್ ಕೊನೆಯ ಸಭೆಯಲ್ಲಿ ಬಜೆಟ್ ಪಾಸಾಯಿತು. ನಾಯಿಗಳಿಗೆ ಬೇಲಿ ಸಿಕ್ಕಿತು. ಭವನದ ಮಾತನ್ನು ಯಾರೂ ಎತ್ತಲಿಲ್ಲ. ಪಂಚಾಕ್ಷರಯ್ಯನವರಿಗೆ ಧನ್ಯವಾದ ಪತ್ರ ಕಳಿಸಿದವಳೂ ಅವಳೇ.

ಬಜೆಟ್ ಮುಗಿದ ಮೇಲೆ ಒಂದು ವಾರ ರಜೆ ಹಾಕಿ ಮಲಗುವುದು ಅವಳ ವಾಡಿಕೆ. ಜುಲೈಯ ಮೊದಲ ಮಂಗಳವಾರ ಹತ್ತು ಗಂಟೆಗೆ ಎದ್ದು ಬಂದಾಗ ರುದ್ರವ್ವ ಹಿತ್ತಲ ಬಾಗಿಲಲ್ಲಿ ಚಳಿಗಾಲದ ಬಿಸಿಲಿಗೆ ಬೆನ್ನು ಕೊಟ್ಟು, ಗಿರಾವೀನ್‌ನ ಇಂಡಿಯನ್ ಅಂಗಡಿಯಿಂದ ತಂದ ಮೆಂತ್ಯ ಸೊಪ್ಪು ಸೋಸುತ್ತಿದ್ದರು. ನೀಲಾಂಬಿಕಾ ಪಕ್ಕದಲ್ಲಿ ಕೂತು ತಾನೂ ಒಂದು ಕಟ್ಟು ಬಿಚ್ಚಿದಳು. ಮಂಗಳವಾರವೆಂದು ಇಬ್ಬರಿಗೂ ಗೊತ್ತಿತ್ತು.

"ಅತ್ತೀ, ಹಾಲ್ ಉಳಸಾಕ ಆಗ್ಲಿಲ್ರಿ ನನ್ನ ಕೈಲೆ," ಅಂದಳು.

"ನೀ ಏನ್ ಮಾಡ್ತಿ ಬಿಡು. ಸರ್ಕಾರದವರ ಕೆಲಸ." ರುದ್ರವ್ವ ಒಂದು ಹಳದಿ ಎಲೆ ತೆಗೆದು ಆಚೆ ಹಾಕಿದರು. "ನಾವೂ ಕೈಲಾದಷ್ಟ ಮಾಡಿದ್ವಿ. ಅವತ್ತ ಅಯ್ಯಾರು ಬಂದಿದ್ರಲ್ಲ, ಅವರ ಚೀಲದಾಗ ಎಲ್ಲಾರ ಪತ್ರಾನೂ ಇದ್ವು. ಒಬ್ಬೊಬ್ಬರದು ಒಂದೊಂದು. ಕೂಡಿಸಿ ಅರವತ್ತೆಂಟು."

ನೀಲಾಂಬಿಕಾಳ ಕೈ ನಿಂತಿತು. "ಮತ್ತ ಯಾಕ ಕೊಡ್ಲಿಲ್ರಿ?"

"ನಾನಽ ಬ್ಯಾಡಂದೆ. ಇವನ್ನೆಲ್ಲಾ ಕೊಟ್ರ ನಮ್ಮ ನೀಲಾನಽ ಕುಂತು ಓದಬೇಕ್ರಿ, ಅಕಿ ಮಾರಿ ನೋಡ್ರಿ ಹೆಂಗ ಬಾಡೇತಿ ಅಂದೆ. ಹೇಳೂದೆಲ್ಲಾ ಒಂದಽ ಐತಿ, ಒಂದರಾಗ ಸಹಿ ಮಾಡಿದ್ರಾತು ಅಂದೆ. ಅಯ್ಯಾರೂ ಹೌದಂದ್ರು, ಪಾಪ. ಎಲ್ಲಾರ ಮನಿಗೂ ತಿರಗಿ ಸಹಿ ಹಾಕಿಸ್ಕೊಂಡ ಬಂದ್ರು."

ನೀಲಾಂಬಿಕಾ ತಲೆ ಎತ್ತಲಿಲ್ಲ. ಅರವತ್ತೆಂಟು ಸಹಿಗೂ ಒಂದೇ ಲೆಕ್ಕವಾಯಿತೆಂದು ಹೇಳಿಬಿಡಬೇಕು ಅನಿಸಿತು, ಹೇಳಿದರೆ ಈ ಮುದುಕಿ ಇನ್ನುಳಿದ ಎಲ್ಲ ಮಂಗಳವಾರ ಅದನ್ನೇ ನೆನೆಯುತ್ತ ಕೂರುತ್ತದೆ ಎಂದೂ ಅನಿಸಿತು.

"ಒಂದಽ ಬಂದಿದ್ದಕ್ಕ ನಿನಗ ಹಗುರಾತಿಲ್ಲೋ?" ಎಂದು ರುದ್ರವ್ವ ಕೇಳಿದರು.

"ಹೂನ್ರಿ ಅತ್ತಿ," ಅಂದಳು. "ಭಾಳ ಹಗುರಾತು."